ಹೆರ್ಮನ್ ಮೋಗ್ಲಿಂಗ್ ಪಾದ್ರಿಯವರ ಚರಿತ್ರೆ

ಶಂಕರನಾರಾಯಣದ ಸುತ್ತಣ ಹಳ್ಳಿಗಳಲ್ಲಿ ಬಯಲಾಟದ ಚೆಂಡೆಯನ್ನೂ ದಾಸರ ಪದಗಳನ್ನೂ ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಇಂಥ ಪದಗಳನ್ನೂ ಪ್ರಸಂಗವನ್ನೂ ಮೊದಮೊದಲು ಅಚ್ಚಿಗೆ ತಂದವರಲ್ಲಿ ಬಾಸೆಲ್ ಮಿಶನಿನ ಒಬ್ಬ ಪಾದ್ರಿಯೂ ಇದ್ದರೆಂಬದು ಅನೇಕರಿಗೆ ತಿಳಿಯದು. ಆದಕಾರಣ ಅವರ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಮೋಗ್ಲಿಂಗರು 1811ನೆಯ ಇಸವಿಯಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ವಿದ್ಯಾಲಯದಲ್ಲಿ ದೇವಶಾಸ್ತ್ರವನ್ನು ಕಲಿತು 1836ರಲ್ಲಿ ಈ ದೇಶಕ್ಕೆ ಬಂದರು. ಅವರ ವಿದ್ಯೆಯು ಸಭಾಪಾಲಕನಿಗೆ ತಕ್ಕದ್ದಾಗಿತ್ತು, ಅಚ್ಚುಕೂಟಕ್ಕಲ್ಲ. ಆದರೂ ಅವರು ಉಪದೇಶಿಗಳ ಗುರುವೂ, ಪತ್ರಿಕೆಯ ಸಂಪಾದಕರೂ, ಗಾದೆಗಳನ್ನು ಕೂಡಿಸಿದವರೂ, ಭಾಷಾಂತರಕಾರರೂ ಆದರು. ಇವೆಲ್ಲಾ ಒಬ್ಬರ ಕೈಯಿಂದ ಆದವುಗಳಲ್ಲ. ಅವರ ಪ್ರತಿ ಕೆಲಸದ ಹಿಂದೆ ಒಬ್ಬ ಸ್ನೇಹಿತನಿದ್ದನು.

ಇವರಲ್ಲಿ ಮೊದಲಿನವರು ವೈಗ್ಲೆ ಪಾದ್ರಿಗಳು. ಅವರು 1841ರಲ್ಲಿ ಬೊಂಬಾಯಿಗೆ ಹೋಗಿ ಒಂದು ಕಲ್ಲಚ್ಚಿನ ಯಂತ್ರವನ್ನೂ ಇಬ್ಬರು ಮರಾಠಿ ಕೆಲಸಗಾರರನ್ನೂ ಮಂಗಳೂರಿಗೆ ಕರತಂದರು. ಈ ಅಚ್ಚಿಗೆ ಸೀಸದ ಅಕ್ಷರಗಳು ಬೇಡ. ಒಳ್ಳೇ ಕೈಬರಹದವನು ಜಿಡ್ಡಿನ ಮಸಿಯಿಂದ ಬರೆದದ್ದನ್ನು ನುಣುಪಾದ ಕಲ್ಲಿನ ಮೇಲೆ ಇಳಿಸುವರು. ಬಳಿಕ ಕಲ್ಲನ್ನು ನೀರಿನಿಂದ ತೋಯಿಸಿ ಮಸಿಯನ್ನು ಸವರಿದರೆ ಬರಹವು ಮಾತ್ರ ಮಸಿಯನ್ನು ಹಿಡಿಯುವದು, ಉಳಿದ ಕಡೆಯಲ್ಲಿ ಅದು ನಿಲ್ಲದು. ಹೀಗೆ ಬರೆಯಬಲ್ಲವನ ಕೈಯೇ ಅಚ್ಚಿನ ಮೊಳೆಯಾಯಿತು.

ಈ ಕಲ್ಲಿನ ಮೇಲೆಯೇ 1843ನೆಯ ಜುಲಾಯಿ 1ನೇ ತಾರೀಖಿನಲ್ಲಿ ಮಂಗಳೂರ ಸಮಾಚಾರವು ಹೊರಟಿತು. ಅದೇ ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ನಾಲ್ಕು ಪುಟಗಳ ಈ ಪತ್ರಿಕೆಯು ಹದಿನೈದು ದಿವಸಕ್ಕೊಮ್ಮೆ ಬರುತ್ತಿತ್ತು. ಕ್ರಯವು ಒಂದು ದುಡ್ಡು. ಊರ ಸುದ್ದಿ, ಸರಕಾರದ ನಿರೂಪಗಳು, ಅನ್ಯದೇಶಗಳ ವರ್ತಮಾನ, ಕಥೆ, ಗಾದೆ, ದಾಸರ ಹಾಡು ಇವೆಲ್ಲಾ ಅದರಲ್ಲಿದ್ದವು. ಮರುವರುಷವೇ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರನ್ನು ಪಡೆಯಿತು.

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯೌವನಸ್ಥನು ಸ್ನಾನದೀಕ್ಷೆಯನ್ನು ಹೊಂದಿ, ಗುರುವಿನ ಹೆರ್ಮನ್ ಎಂಬ ಹೆಸರನ್ನು ಧರಿಸಿದನು. ಮುಂದೆ ಬಾಸೆಲಿನಲ್ಲಿ ಕಲಿತು ಪಾದ್ರಿಯಾದನು.

ಇನ್ನೊಬ್ಬ ಸ್ನೇಹಿತರು ನೀಲಗಿರಿಯ ಕೇತಿಯಲ್ಲಿ ವಾಸವಾಗಿದ್ದ ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಪತಿಗಳು. ಸುವಾರ್ತೆಗಾಗಿ ಕೊಟ್ಟ ಕಾಣಿಕೆಯಿಂದ ಇತರ ಮತದವರ ಪುರಾಣಗಳನ್ನು ಅಚ್ಚು ಹಾಕಬಹುದೋ? ಈ ಪ್ರಶ್ನೆಯನ್ನು ಇಂದಿನ ಸಭೆಯವರು ಸಹ ಕೇಳಿಯಾರು. ಕಾಸಮೇಜರರು ತಮ್ಮ ಸ್ವಂತ ಹಣವನ್ನು ಕೊಟ್ಟು ಆ ತೊಡಕನ್ನು ಬಿಡಿಸಿದರು. 1849ರಲ್ಲಿ ಅವರು ತೀರಿಹೋದರೂ ಕೆಲಸವು ನಿಲ್ಲಲಿಲ್ಲ. 1848ರಿಂದ 1853ರ ವರೆಗೆ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ರಾವಣ ದಿಗ್ವಿಜಯವೆಂಬ ಯಕ್ಷಗಾನ, ದಾಸರ ಪದಗಳು ಬಿಬ್ಲಿಯೋಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಹೊರಟವು. ನೆರೆಯವನ ಹೃದಯದಲ್ಲಿರುವದನ್ನು ತಿಳಿಯದೆ ಅವನಿಗೆ ಬೋಧಿಸುವದು ಹೇಗೆ? ಈ ಕೆಲಸವು ಉಪದೇಶಿಗೆ ಅಯೋಗ್ಯವೆಂದು ನಾವು ಎಣಿಸುವದಿಲ್ಲ.

ಮೋಗ್ಲಿಂಗರು ಒಂದು ಕೆಲಸದಲ್ಲಿ ಸ್ಥಿರವಾಗಿ ನಿಲ್ಲುವವರಲ್ಲವೆಂದು ಹೇಳಿದರೆ ಅದು ಸುಳ್ಳಲ್ಲ. ಆಲಮಂಡ ಮನೆತನದ ಸೋಮಯ್ಯನೆಂಬ ಕೊಡವನ ನಿಮಿತ್ತ ಅವರು 1853ರಲ್ಲಿ ಮಂಗಳೂರನ್ನು ಬಿಟ್ಟು ಕೊಡಗಿಗೆ ಹೋದರು. ಅಲ್ಲಿಯೂ ಲೇಖನಿಯು ಸುಮ್ಮನಿರಲಿಲ್ಲ. ಕೊಡಗಿನ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಬರೆದು 1855ರಲ್ಲಿ ಪ್ರಕಟಿಸಿದರು. ಅದೇ ವರುಷ ವೈಗ್ಲೆಯವರು ಮರಣಹೊಂದಿದರು. ಸ್ನೇಹಿತನ ವಿಧವೆಯನ್ನು ಮೋಗ್ಲಿಂಗರು ಮುಂದೆ ವಿವಾಹವಾಗಿ, ಆತನ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯೂಬಿಂಗೆನ್ ವಿದ್ಯಾಲಯವು ಅವರ ಕನ್ನಡ ಸೇವೆಗಾಗಿ ಡಾಕ್ಟರ್ ಪದವಿಯನ್ನು ಕೊಟ್ಟಿತು.

ಹೆಂಡತಿಯ ಅಸ್ವಸ್ಥತೆಯ ದೆಸೆಯಿಂದ 1860ರಲ್ಲಿ ಸ್ವದೇಶಕ್ಕೆ ಹೋದವರು ಪುನಃ ಈ ಕಡೆಗೆ ಬರಲಿಲ್ಲ. ಅಲ್ಲಿ ಕೂತು ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸುತ್ತಿದ್ದರು. 1881ನೆಯ ಮೇ ತಿಂಗಳಲ್ಲಿ ಎಸ್ಲಿಂಗೆನ್ ಪಟ್ಟಣದಲ್ಲಿ ನಿದ್ರೆಹೋದರು.