ಉಬ್ಬರ–ಇಳಿತದ ಲೆಕ್ಕ ಬಲ್ಲ ಕಾನ್ಹೋಜಿ

ಸಯನ್ ಸ್ಟೇಷನ್ನಿನ ಪೂರ್ವಕ್ಕೆ ಸ್ವಲ್ಪ ದೂರ ನಡೆದರೆ ಗುಡ್ಡದ ಮೇಲೊಂದು ಹಳೆಯ ಕೋಟೆ ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜೆರಾಲ್ಡ್ ಆಂಜಿಯರ್ 1669ರಿಂದ 1677ರ ನಡುವೆ ಕಟ್ಟಿಸಿದ್ದು. ಮುಂಬೈ ದ್ವೀಪ ಆಗ ಇಲ್ಲಿಗೇ ಮುಗಿಯುತ್ತಿತ್ತು. ಖಾರಿಯ ಆಚೆಗಿನ ಸಾಲ್ಸೆಟ್ ಪೋರ್ಚುಗೀಸರದು. ಮರಾಠಿಯಲ್ಲಿ ಈ ಊರಿಗೆ ಶೀವ್ ಎನ್ನುತ್ತಾರೆ, ಅಂದರೆ ಗಡಿ. ಕಂಪನಿ ಈ ಗಡಿಗೆ ಕಾವಲು ಹಾಕಲು ಹೊರಟ ಕಾಲಕ್ಕೇ, 1669ರಲ್ಲಿ, ಮುಂದೆ ಅದರ ನಿದ್ದೆ ಕೆಡಿಸಲಿದ್ದ ಮನುಷ್ಯ ಹುಟ್ಟಿದ. ಆದರೆ ಅವನಿಂದ ಕಂಪನಿಗೆ ತೊಂದರೆ ಬಂದದ್ದು ಉತ್ತರದ ಖಾರಿಯಿಂದಲ್ಲ, ದಕ್ಷಿಣದ ಕಡಲಿನಿಂದ.

ಅವನೇ ಕಾನ್ಹೋಜಿ ಆಂಗ್ರೆ. ತಂದೆ ತುಕೋಜಿ ಶಿವಾಜಿಯ ನೌಕಾಪಡೆಯಲ್ಲಿದ್ದವನು. ಮಗ ಬೆಳೆದದ್ದು ಹರ್ಣೆಯ ಎದುರಿಗಿರುವ ಸುವರ್ಣದುರ್ಗದಲ್ಲಿ, ಕೋಳಿ ಮೀನುಗಾರರ ಒಡನಾಟದಲ್ಲಿ. (ಮುಂಬೈಗೆ ಹೊಸದಾಗಿ ಬಂದ ಕನ್ನಡಿಗರು ಸಯನ್ ಕೋಳಿವಾಡವನ್ನು ಕೋಳಿ ಮಾರುವ ಪೇಟೆ ಎಂದುಕೊಳ್ಳುವುದುಂಟು. ಅದು ಈ ಮೀನುಗಾರರ ಕೇರಿ.) ಜಂಜಿರಾದ ಸಿದ್ದಿ ಸುವರ್ಣದುರ್ಗವನ್ನು ಮುತ್ತಿದಾಗ ಕಿಲ್ಲೇದಾರ ಶರಣಾಗಲು ಸಿದ್ಧನಾಗಿದ್ದ. ಇಪ್ಪತ್ತರ ಆಸುಪಾಸಿನ ಕಾನ್ಹೋಜಿ ಅವನನ್ನೇ ಸೆರೆಹಿಡಿದು ಕೋಟೆ ಉಳಿಸಿಕೊಂಡ. 1698ರ ಹೊತ್ತಿಗೆ ಮರಾಠಾ ನೌಕಾಪಡೆಯ ಮುಖ್ಯಸ್ಥನಾಗಿ ಸರಖೇಲ್ ಎಂಬ ಪದವಿ ಪಡೆದಿದ್ದ.

ಕೋಡ್ ಬರೆದು ಹೊಟ್ಟೆ ಹೊರೆಯುವ ನನಗೆ ಅವನ ಯುದ್ಧಗಳಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅವುಗಳ ಹಿಂದಿದ್ದ ನೀರಿನ ಲೆಕ್ಕ. ಲಂಗರು ಹಾಕುವುದೆಂದರೆ ಭಾರದ ಕಬ್ಬಿಣವನ್ನು ಕಡಲಿಗೆಸೆದು ಕೂರುವುದಲ್ಲ. ಹಡಗನ್ನು ಹಿಡಿದಿಡುವುದು ಕಬ್ಬಿಣದ ತೂಕಕ್ಕಿಂತ ಅದು ತಳದ ಕೆಸರನ್ನು ಕಚ್ಚುವ ರೀತಿ. ಹಗ್ಗವನ್ನು ನೀರಿನ ಆಳದ ಐದಾರು ಪಟ್ಟು ಉದ್ದ ಬಿಟ್ಟರೆ ಎಳೆತ ನೆಲಕ್ಕೆ ಸಮನಾಗಿ, ಲಂಗರು ಕಚ್ಚುತ್ತದೆ. ಇಲ್ಲದಿದ್ದರೆ ಕಿತ್ತುಕೊಂಡು ಬರುತ್ತದೆ. ಅದರ ಮೇಲೆ ಮುಂಬೈಯ ನೀರು ನಿಂತಲ್ಲಿ ನಿಲ್ಲುವುದಿಲ್ಲ. ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರ್ ವ್ಯತ್ಯಾಸವೂ ಇರುವುದಿಲ್ಲ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಅದು ನಾಲ್ಕು ಮೀಟರ್ ದಾಟುತ್ತದೆ. ಬೆಳಿಗ್ಗೆ ಎರಡಾಳು ನೀರಿದ್ದಲ್ಲಿ ಮಧ್ಯಾಹ್ನ ಬರೀ ಕೆಸರು. ಅಲಿಬಾಗ್ ಎದುರಿನ ಕೊಲಾಬಾ ಕೋಟೆಗೆ ಇಳಿತದಲ್ಲಿ ನಡೆದೇ ಹೋಗಬಹುದು, ಉಬ್ಬರದಲ್ಲಿ ಅದು ದ್ವೀಪ. ಕಾನ್ಹೋಜಿಯ ಮುಖ್ಯ ಠಾಣ್ಯ ಅದೇ.

ಕಂಪನಿಯ ದೊಡ್ಡ ಹಡಗುಗಳಿಗೆ ಆಳದ ನೀರೇ ಬೇಕು. ಅವು ಗಾಳಿಗೆ ಒಡ್ಡಿಕೊಂಡು ದೂರದಲ್ಲೇ ಲಂಗರು ಹಾಕಬೇಕಿತ್ತು. ಕಾನ್ಹೋಜಿಯ ಗಲಬತ್‌ಗಳು ಹಾಯಿಯ ಜೊತೆಗೆ ನಲವತ್ತೈವತ್ತು ಹುಟ್ಟುಗಳಿದ್ದ, ಕಡಿಮೆ ನೀರಲ್ಲೂ ತೇಲುವ ದೋಣಿಗಳು. ಗಾಳಿ ಬಿದ್ದಾಗ ತೋಪು ಹೊತ್ತ ಗುರಾಬ್‌ಗಳನ್ನು ಅವೇ ಎಳೆದೊಯ್ದು ಶತ್ರುವಿನ ಹಿಂಭಾಗಕ್ಕೆ ತಂದು ನಿಲ್ಲಿಸುತ್ತಿದ್ದವು. ಕೆಲಸ ಮುಗಿದರೆ ಖಾರಿಯೊಳಗೆ ಮಾಯ.

ಕಡಲಿನಲ್ಲಿ ಇನ್ನೊಂದು ಶತ್ರುವೂ ಇತ್ತು, ಎಲ್ಲರಿಗೂ ಸಮಾನ. ಬೆಚ್ಚಗಿನ ಉಪ್ಪುನೀರಿನಲ್ಲಿ ನಿಂತ ಹಡಗಿನ ತಳಕ್ಕೆ ಬಾರ್ನಕಲ್‌ಗಳು ಅಂಟಿ ವೇಗ ಕುಗ್ಗಿಸುತ್ತವೆ. ಮರ ಕೊರೆಯುವ ಹುಳುವಂತೂ ಹಲಗೆಯನ್ನು ಒಳಗೊಳಗೇ ಜರಡಿ ಮಾಡಿಬಿಡುತ್ತದೆ. ಹುಳು ಎನ್ನುತ್ತೇವೆ, ನಿಜಕ್ಕೂ ಅದು ಕಪ್ಪೆಚಿಪ್ಪಿನ ಜಾತಿಗೆ ಸೇರಿದ ಜೀವಿ. ಇದಕ್ಕೆ ಕರಾವಳಿಯವರ ಮದ್ದು, ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ಒಣಗಿಸಿ ಎಣ್ಣೆ, ಸುಣ್ಣ ಬಳಿಯುವುದು. ವಿಜಯದುರ್ಗದ ಬಳಿ ಗಿರ್ಯೆಯಲ್ಲಿ ಆಂಗ್ರೆ ಕಾಲದ್ದೆನ್ನುವ ಹಡಗುಕಟ್ಟೆಯ ಅವಶೇಷ ಈಗಲೂ ಇದೆ.

ಇಂಗ್ಲಿಷರು ಅವನನ್ನು ಕಡಲ್ಗಳ್ಳ ಎಂದು ಕರೆದರು. ತನ್ನ ಕಡಲಿನಲ್ಲಿ ಹೋಗುವ ವ್ಯಾಪಾರಿ ಹಡಗು ದಸ್ತಕ್ ಎಂಬ ಪರವಾನಗಿ ಪಡೆಯಬೇಕು, ಇಲ್ಲದಿದ್ದರೆ ಹಿಡಿಯುತ್ತೇನೆ ಎಂಬುದು ಅವನ ನಿಯಮ. ಪೋರ್ಚುಗೀಸರು ಕರ್ತಾಜ್ ಹೆಸರಿನಲ್ಲಿ ಎರಡು ಶತಮಾನ ಮಾಡಿದ್ದೂ ಇದನ್ನೇ. ನಮ್ಮ ಕರಾವಳಿಯ ಹಡಗುಗಳೂ ಅದಕ್ಕೆ ತಲೆಬಾಗಿದ್ದವು. ಅವರನ್ನು ಯಾರೂ ಕಳ್ಳರೆನ್ನಲಿಲ್ಲ. ಹಾಗೆಂದು ಕಾನ್ಹೋಜಿಯನ್ನು ಸಂತನನ್ನಾಗಿ ಮಾಡಬೇಕಿಲ್ಲ. 1712ರ ನವೆಂಬರಿನಲ್ಲಿ ಮುಂಬೈ–ಕಾರವಾರ ನಡುವಿನ ಸಮುದ್ರದಲ್ಲಿ ಅವನ ಹಡಗುಗಳು ಗವರ್ನರನ ಸಶಸ್ತ್ರ ದೋಣಿಯನ್ನೂ ಆನ್ ಎಂಬ ಸಣ್ಣ ಹಡಗನ್ನೂ ಹಿಡಿದವು. ಕಾರವಾರದ ಕೋಠಿಯ ಅಧಿಕಾರಿ ಥಾಮಸ್ ಚೌನ್ ಗುಂಡಿಗೆ ಸತ್ತ. ಅವನ ಎಳೆಯ ಹೆಂಡತಿ ಕ್ಯಾಥರೀನ್ ಕೊಲಾಬಾದಲ್ಲಿ ಸೆರೆಯಾಗಿದ್ದು, 30,000 ರೂಪಾಯಿ ಕೊಟ್ಟ ಮೇಲಷ್ಟೇ 1713ರ ಫೆಬ್ರುವರಿಯಲ್ಲಿ ಬಿಡುಗಡೆಯಾದಳು.

ಅದೇ ಕಾಲಕ್ಕೆ ಮರಾಠರಲ್ಲೇ ಒಡಕು. ತಾರಾಬಾಯಿಯ ಪಕ್ಷದಲ್ಲಿದ್ದ ಕಾನ್ಹೋಜಿ ಶಾಹುವಿನ ಪೇಶ್ವೆ ಬಹಿರೋಜಿ ಪಿಂಗಳೆಯನ್ನೇ ಸೆರೆಹಿಡಿದಿದ್ದ. ಕೊನೆಗೆ ಬಾಳಾಜಿ ವಿಶ್ವನಾಥ ಮಾತುಕತೆ ನಡೆಸಿ ಅವನನ್ನು ಶಾಹುವಿನ ಕಡೆಗೆ ತಂದ. ಕೋಟೆಗಳೂ ಸರಖೇಲ್ ಪದವಿಯೂ ಅವನಲ್ಲೇ ಉಳಿದವು.

ಗವರ್ನರ್ ಚಾರ್ಲ್ಸ್ ಬೂನ್ ಪಟ್ಟು ಬಿಡಲಿಲ್ಲ. 1717ರಲ್ಲಿ ವಿಜಯದುರ್ಗ, 1718ರಲ್ಲಿ ಮುಂಬೈ ಬಾಗಿಲಲ್ಲೇ ಇರುವ ಖಾಂದೇರಿ, 1720ರಲ್ಲಿ ಮತ್ತೆ ವಿಜಯದುರ್ಗ: ಮೂರೂ ಸಲ ಬರಿಗೈ. 1721ರ ಕೊನೆಗೆ ಇಂಗ್ಲೆಂಡಿನ ಕಮೊಡೋರ್ ಮ್ಯಾಥ್ಯೂಸನ ಯುದ್ಧನೌಕೆಗಳೂ ಪೋರ್ಚುಗೀಸ್ ಸೈನ್ಯವೂ ಸೇರಿ ಕೊಲಾಬಾಕ್ಕೆ ಬಂದವು. ಅಷ್ಟರಲ್ಲಿ ಬಾಜಿರಾಯನ ಕುದುರೆ ಸವಾರರು ನೆರವಿಗೆ ಬಂದರು. ಪೋರ್ಚುಗೀಸರು ಇಂಗ್ಲಿಷರನ್ನು ಬಿಟ್ಟು ತಾವೇ ಬೇರೆ ಸಂಧಿ ಮಾಡಿಕೊಂಡರು.

1729ರ ಜುಲೈ 4ರಂದು ಕಾನ್ಹೋಜಿ ತೀರಿಕೊಂಡ. ಅಲಿಬಾಗ್‌ನಲ್ಲಿ ಸಮಾಧಿಯಿದೆ. ನೌಕಾಪಡೆಯ ಮುಂಬೈ ನೆಲೆಗೆ ಐಎನ್‌ಎಸ್ ಆಂಗ್ರೆ ಎಂಬ ಹೆಸರಿಟ್ಟದ್ದು 1951ರಲ್ಲಿ.

ಬದುಕಿದ್ದಾಗ ಯಾರಿಗೂ ಸೋಲದ ಅವನ ಪಡೆಯನ್ನು ಮುಗಿಸಿದ್ದು ಮನೆಯ ಜಗಳ. ಮಕ್ಕಳು ಒಬ್ಬರಿಗೊಬ್ಬರು ಆಗಲಿಲ್ಲ; ಮಗ ತುಳಾಜಿಗೂ ಪೇಶ್ವೆ ನಾನಾಸಾಹೇಬನಿಗೂ ಆಗಲಿಲ್ಲ. ಪೇಶ್ವೆ ಕಂಪನಿಯ ಕೈಹಿಡಿದ. 1756ರ ಫೆಬ್ರುವರಿಯಲ್ಲಿ ವಾಟ್ಸನ್ ಮತ್ತು ಕ್ಲೈವ್ ವಿಜಯದುರ್ಗಕ್ಕೆ ಬಂದಾಗ ತುಳಾಜಿಯ ಹಡಗುಗಳು ಕೋಟೆಯ ಮಗ್ಗುಲಲ್ಲಿ ಒಂದಕ್ಕೊಂದು ಕಟ್ಟಿಕೊಂಡು ನಿಂತಿದ್ದವು. ಹಿಂದೆ ಕಂಪನಿಯಿಂದಲೇ ಹಿಡಿದು ತಂದಿದ್ದ ರೆಸ್ಟೋರೇಷನ್ ಎಂಬ ಹಡಗಿಗೆ ಗುಂಡು ಬಿದ್ದು ಬೆಂಕಿ ಹೊತ್ತಿತು. ಅಲ್ಲಿಂದ ಪಕ್ಕದ್ದಕ್ಕೆ, ಅದರ ಪಕ್ಕದ್ದಕ್ಕೆ ಹಬ್ಬಿ, ಲಂಗರು ಹಾಕಿದಲ್ಲೇ ಇಡೀ ನೌಕಾಪಡೆ ಸುಟ್ಟುಹೋಯಿತು.