ವ್ಯಸನದ ಎರಡು ಮುಖ: ಕವಿ ಕೋಲ್‌ರಿಜ್

ಕನ್ನಡದಲ್ಲಿ ‘ವ್ಯಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳು. ದುಃಖವೂ ವ್ಯಸನವೇ, ಬಿಡಬೇಕೆಂದರೂ ಬಿಡಲಾಗದ ಚಟವೂ ವ್ಯಸನವೇ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಏಕೆ ಬಂದು ಕೂಡಿದುವೆಂದು ತಿಳಿಯಬೇಕಾದರೆ ಆಂಗ್ಲ ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್‌ನ ಜೀವನವನ್ನು ನೋಡಬೇಕು. ಕಡಲ ಹಕ್ಕಿಯನ್ನು ಕೊಂದು ಶಾಪಗ್ರಸ್ತನಾದ ಮುದಿ ನಾವಿಕನ ಕಥೆಯನ್ನು ನಮ್ಮ ಕಾಲೇಜುಗಳಲ್ಲಿ ಓದದ ಸಾಹಿತ್ಯ ವಿದ್ಯಾರ್ಥಿಗಳು ವಿರಳ. ಆ ಕಥೆಯನ್ನು ಬರೆದವನು ತಾನೂ ಒಂದು ಭಾರವನ್ನು ಕೊರಳಿಗೆ ಕಟ್ಟಿಕೊಂಡು ಮೂವತ್ತು ವರ್ಷಗಳಿಗೂ ಮಿಕ್ಕಿ ಬಾಳಿದನೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಕೋಲ್‌ರಿಜ್ ಹುಟ್ಟಿದುದು 1772ರ ಅಕ್ಟೋಬರ್ 21ರಂದು, ಇಂಗ್ಲೆಂಡಿನ ಡೆವನ್ ಪ್ರಾಂತದ ಆಟರಿ ಸೇಂಟ್ ಮೇರಿ ಎಂಬ ಊರಿನಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ, ಶಾಲೆಯ ಉಪಾಧ್ಯಾಯ. ತಾಯಿಯ ಹತ್ತು ಮಕ್ಕಳಲ್ಲಿ ಇವನೇ ಕಡೆಯವನು. ಏಳು ವರ್ಷದವನಾಗಿದ್ದಾಗ ಒಂದು ದಿನ ಗಿಣ್ಣಿನ ತುಂಡೊಂದರ ಸಲುವಾಗಿ ಅಣ್ಣನೊಡನೆ ಜಗಳವಾಡಿ, ಹೊಡೆತಕ್ಕೆ ಹೆದರಿ ಮನೆ ಬಿಟ್ಟು ಓಡಿದನು. ಆಟರ್ ನದಿಯ ದಂಡೆಯಲ್ಲಿ, ಮಳೆಗಾಳಿಯಲ್ಲಿ, ರಾತ್ರಿಯೆಲ್ಲ ಮಲಗಿದ್ದನು. ಊರೇ ಎದ್ದು ಹುಡುಕಿತು. ಬೆಳಗ್ಗೆ ಕಂಡಾಗ ಹುಡುಗನ ಕೈಕಾಲು ಸೆಟೆದು, ಏಳುವ ಶಕ್ತಿಯೂ ಇರಲಿಲ್ಲ. ಮುಂದೆ ಅನೇಕ ವರ್ಷ ತನ್ನನ್ನು ಕಾಡಿದ ಚಳಿಜ್ವರಕ್ಕೆ ಆ ರಾತ್ರಿಯೇ ಮೂಲವೆಂದು ಅವನು ನಂಬಿದ್ದನು.

1781ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಹುಡುಗನನ್ನು ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಶಾಲೆಗೆ ಸೇರಿಸಿದರು. ಹೆಸರಿನಲ್ಲಿ ಹಾಸ್ಪಿಟಲ್ ಎಂದಿದ್ದರೂ ಅದು ಬಡಮಕ್ಕಳ ವಿದ್ಯಾಶಾಲೆ. ಚಾರ್ಲ್ಸ್ ಲ್ಯಾಮನ ಸ್ನೇಹ ಅವನಿಗೆ ಒದಗಿದುದು ಅಲ್ಲಿಯೇ. ಒಂದು ದಿನ ಉಟ್ಟ ಬಟ್ಟೆಯಲ್ಲಿಯೇ ನ್ಯೂ ರಿವರ್ ಎಂಬ ಕಾಲುವೆಯನ್ನು ಈಜಿ, ಒದ್ದೆ ಬಟ್ಟೆ ಮೈಮೇಲೆಯೇ ಒಣಗುವಂತೆ ಬಿಟ್ಟನು. ಕಾಮಾಲೆ ಬಂದಿತು; ಬೆನ್ನಿಗೇ ಕೀಲುಗಳನ್ನು ಹಿಡಿಯುವ ವಾತಜ್ವರವೂ ಬಂದಿತು. ತಿಂಗಳುಗಟ್ಟಲೆ ಶಾಲೆಯ ರೋಗಿಗಳ ಕೊಠಡಿಯೇ ಅವನ ಮನೆಯಾಯಿತು. ಇಂಥ ಜ್ವರ ಮಾಗಿದ ಮೇಲೂ ಕೀಲಿನಲ್ಲಿ ನೋವನ್ನೂ ಹೃದಯದಲ್ಲಿ ಕಲೆಯನ್ನೂ ಉಳಿಸಿಹೋಗಬಲ್ಲುದೆಂಬುದನ್ನು ಇಂದಿನ ವೈದ್ಯ ಬಲ್ಲನು. ಅಂದಿನ ವೈದ್ಯನಿಗೆ ಅದು ತಿಳಿಯದು. ನೋವಿಗೆ ಅವನ ಬಳಿ ಇದ್ದ ನೆಚ್ಚಿನ ಮದ್ದು ಒಂದೇ, ಅಫೀಮು.

ಅಫೀಮನ್ನು ಮದ್ಯಸಾರದಲ್ಲಿ ಕರಗಿಸಿದ ಕಂದುಬಣ್ಣದ ದ್ರವಕ್ಕೆ ಲಾಡನಂ ಎಂದು ಹೆಸರು. ಅದನ್ನು ಹನಿಯ ಲೆಕ್ಕದಲ್ಲಿ ಕುಡಿಯುತ್ತಿದ್ದರು. ಹಲ್ಲುನೋವಿಗೆ, ಕೆಮ್ಮಿಗೆ, ಭೇದಿಗೆ, ನಿದ್ರೆ ಬಾರದುದಕ್ಕೆ ಎಲ್ಲಕ್ಕೂ ಅದೇ. ಅಳುವ ಕೂಸುಗಳಿಗೆ ಕುಡಿಸುತ್ತಿದ್ದ ಗಾಡ್‌ಫ್ರೀಸ್ ಕಾರ್ಡಿಯಲ್ ಎಂಬ ಪಾನಕದಲ್ಲಿಯೂ ಅಫೀಮು ಬೆರೆತಿತ್ತು. ಕೊಳ್ಳಲು ವೈದ್ಯನ ಚೀಟಿ ಬೇಕಾಗಿರಲಿಲ್ಲ. ದಿನಸಿ ಅಂಗಡಿಯಲ್ಲಿಯೂ ಸಿಕ್ಕುತ್ತಿತ್ತು. ಅದರ ಮಾರಾಟಕ್ಕೆ ಬ್ರಿಟನ್ನಿನಲ್ಲಿ ಕಾನೂನಿನ ಕಡಿವಾಣ ಬಿದ್ದುದು 1868ರಲ್ಲಿ, ಕೋಲ್‌ರಿಜ್ ಸತ್ತು ಮೂವತ್ತನಾಲ್ಕು ವರ್ಷಗಳಾದ ಮೇಲೆ. ಆದುದರಿಂದ ಅವನು ಕದ್ದು ವಿಷ ತಿನ್ನಲು ಹೊರಟವನಲ್ಲ. ಎಲ್ಲರೂ ನಡೆಯುತ್ತಿದ್ದ ಹಾದಿಯಲ್ಲಿಯೇ ನಡೆದವನು.

1791ರಲ್ಲಿ ಕೇಂಬ್ರಿಜ್ಜಿನ ಜೀಸಸ್ ಕಾಲೇಜನ್ನು ಸೇರಿದನು. ಅದೇ ವರ್ಷ ಅಣ್ಣ ಜಾರ್ಜನಿಗೆ ಬರೆದ ಕಾಗದದಲ್ಲಿ, ಕೀಲುನೋವಿಗಾಗಿ ಅಫೀಮು ಸೇವಿಸಿದ್ದನ್ನೂ ಅದರಿಂದ ತನಗೆ ಯಾವ ಕೆಡುಕೂ ಆಗದಿದ್ದುದನ್ನೂ ನಿಶ್ಚಿಂತೆಯಿಂದ ತಿಳಿಸಿದ್ದಾನೆ. ಸಾಲಕ್ಕೆ ಹೆದರಿ ಸುಳ್ಳು ಹೆಸರಿನಲ್ಲಿ ಕುದುರೆಸವಾರರ ದಂಡಿಗೆ ಸೇರಿದ್ದು, ಅಣ್ಣಂದಿರು ಬಿಡಿಸಿ ತಂದದ್ದು, ಮಿತ್ರ ರಾಬರ್ಟ್ ಸದೇಯೊಡನೆ ಅಮೆರಿಕದಲ್ಲಿ ಸಮಾನರ ಸಮಾಜವೊಂದನ್ನು ಕಟ್ಟುವ ಕನಸು ಕಂಡದ್ದು, ಆ ಕನಸಿನ ಭರದಲ್ಲಿಯೇ 1795ರಲ್ಲಿ ಸಾರಾ ಫ್ರಿಕರಳನ್ನು ಮದುವೆಯಾದದ್ದು ಎಲ್ಲವೂ ಮುಂದಿನ ನಾಲ್ಕು ವರ್ಷಗಳ ಕಥೆ. ಸದೇ ಅವಳ ತಂಗಿಯನ್ನು ಕೈಹಿಡಿದುದರಿಂದ ಗೆಳೆಯರಿಬ್ಬರೂ ಷಡ್ಡಕರಾದರು. 1796ರ ಚಳಿಗಾಲದಲ್ಲಿ ಕೋಲ್‌ರಿಜ್‌ನ ಮುಖದ ಬಲಭಾಗದಲ್ಲಿ ಭಯಂಕರವಾದ ನರಶೂಲೆ ಕಾಣಿಸಿಕೊಂಡಿತು. ನೋವು ತಾಳಲಾರದೆ ಮನೆಯೊಳಗೆ ಓಡಾಡಿದನು. ಲಾಡನಂ ಆಗಲೂ ನೋವನ್ನಿಳಿಸಿತು. ಕೈಬಿಡದ ಗೆಳೆಯನಂತೆ ತೋರಿತು.

ಮರುವರ್ಷ ಅವನ ಬಾಳಿನ ವಸಂತ. ನೆದರ್ ಸ್ಟೋವಿಯ ಪುಟ್ಟ ಮನೆಯಲ್ಲಿ ಅವನಿದ್ದನು. ಮೂರು ಮೈಲಿಯಾಚೆ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊತಿ ಇದ್ದರು. ಈ ಮೈತ್ರಿಯ ಫಲವಾಗಿ 1798ರಲ್ಲಿ ‘ಲಿರಿಕಲ್ ಬ್ಯಾಲಡ್ಸ್’ ಹೊರಬಂದಿತು. ಅದರ ಮೊದಲ ಕವನವೇ ನಾವಿಕನ ಕಥೆ. ಕುಂಬಾರಿಕೆಯ ಉದ್ಯಮದಿಂದ ಹೆಸರಾದ ವೆಜ್‌ವುಡ್ ಸೋದರರು ಅವನಿಗೆ 150 ಪೌಂಡುಗಳ ವರ್ಷಾಶನವನ್ನು ಗೊತ್ತುಮಾಡಿದರು. ‘ಕುಬ್ಲಾ ಖಾನ್’ ಹುಟ್ಟಿದುದೂ ಈ ಕಾಲದಲ್ಲಿಯೇ. ಹೊಟ್ಟೆಯ ಉಪದ್ರವಕ್ಕೆ ಎರಡು ಗ್ರೇನ್ ಅಫೀಮು ತೆಗೆದುಕೊಂಡು ಜೋಂಪಿನಲ್ಲಿದ್ದಾಗ ಕವನ ತಾನಾಗಿ ಮೂಡಿತೆಂದೂ, ಎದ್ದು ಬರೆಯುತ್ತಿರುವಾಗ ಪೋರ್ಲಾಕಿನಿಂದ ಬಂದ ಯಾರೋ ಒಬ್ಬನಿಂದ ಅದು ಮುರಿದುಹೋಯಿತೆಂದೂ ಅವನೇ ಹೇಳಿಕೊಂಡನು. ಈ ಕಥೆಯಿಂದ ಒಂದು ಭ್ರಾಂತಿ ಹರಡಿತು, ಅಫೀಮೇ ಕಾವ್ಯದ ತಾಯಿಯೆಂದು. ಲೆಕ್ಕ ಹಾಗೆ ಹೇಳುವುದಿಲ್ಲ. ಅಫೀಮು ಅಪರೂಪವಾಗಿದ್ದ ವರ್ಷಗಳಲ್ಲಿ ಅವನ ಶ್ರೇಷ್ಠ ಕವನಗಳು ಬಂದುವು. ಅದು ನಿತ್ಯದ ಅನ್ನವಾದ ಮೇಲೆ ಕಾವ್ಯದ ಊಟೆ ಬತ್ತುತ್ತ ಬಂದಿತು.

ನಿತ್ಯದ ಅನ್ನವಾದುದು ಕೆಸ್ವಿಕ್ಕಿನಲ್ಲಿ. 1800ರಲ್ಲಿ ವರ್ಡ್ಸ್‌ವರ್ತನ ನೆರೆಯಲ್ಲಿರಬೇಕೆಂದು ಉತ್ತರದ ಸರೋವರ ಪ್ರಾಂತಕ್ಕೆ ಬಂದು ಗ್ರೆಟಾ ಹಾಲ್ ಎಂಬ ಮನೆಯಲ್ಲಿ ನಿಂತನು. ನೋಟ ಸುಂದರ, ಹವೆ ತೇವ. ಆ ಚಳಿಗಾಲ ಮಂಡಿಗಳು ಊದಿದುವು, ಬೆನ್ನು ಹಿಡಿಯಿತು, ಹಾಸಿಗೆಯಿಂದ ಏಳದಂತಾಯಿತು. ಆ ಸೀಮೆಯಲ್ಲಿ ‘ಕೆಂಡಲ್ ಬ್ಲ್ಯಾಕ್ ಡ್ರಾಪ್’ ಎಂಬ ಕಪ್ಪು ಹನಿ ಪ್ರಸಿದ್ಧವಾಗಿತ್ತು. ಸಾಮಾನ್ಯ ಲಾಡನಂಗಿಂತ ಹಲವು ಪಾಲು ತೀಕ್ಷ್ಣವಾದುದು. ಅವನು ಅದನ್ನು ಹಿಡಿದನು. ಅದು ಅವನನ್ನು ಹಿಡಿಯಿತು.

ಈ ಹಿಡಿತದ ಬಗೆಯನ್ನು ಇಲ್ಲಿ ವಿವರಿಸುವುದು ಅಗತ್ಯ. ಅಫೀಮಿಗೆ ಒಗ್ಗಿದ ದೇಹಕ್ಕೆ ನಿನ್ನೆಯ ಅಳತೆ ಇಂದು ಸಾಲದಾಗುತ್ತದೆ. ಮದ್ದನ್ನು ತಟ್ಟನೆ ನಿಲ್ಲಿಸಿದರೆ ಬೆವರು, ನಡುಕ, ಭೇದಿ, ಕೈಕಾಲುಗಳ ಸೆಳೆತ, ನಿದ್ರಾನಾಶ ಒಟ್ಟಿಗೆ ಬಂದೆರಗುತ್ತವೆ. ಬಹುಕಾಲದ ಸೇವನೆಯಿಂದ ನೋವಿನ ಅರಿವು ಮೊಂಡಾಗುವ ಬದಲು ಚೂಪಾಗುವುದೂ ಉಂಟೆಂದು ಇಂದಿನ ವೈದ್ಯಶಾಸ್ತ್ರ ಕಂಡುಕೊಂಡಿದೆ. ಇದೊಂದೂ ಕೋಲ್‌ರಿಜ್‌ಗೆ ತಿಳಿದಿರಲಿಲ್ಲ. ಮದ್ದು ಬಿಟ್ಟಾಗ ಬಂದ ನೋವನ್ನು ಹಳೆಯ ರೋಗದ ನೋವಿನಿಂದ ಬೇರ್ಪಡಿಸುವ ಬಗೆ ಅವನಿಗೆ ಇರಲಿಲ್ಲ. ಎರಡಕ್ಕೂ ಅದೇ ಸೀಸೆಯತ್ತ ಕೈ ಹೋಗುತ್ತಿತ್ತು. ಯಾವ ನೋವು ರೋಗದ್ದು, ಯಾವ ನೋವು ಮದ್ದಿನದು? ಒಂದು ಜೀವಮಾನ ಕಳೆದರೂ ಈ ಪ್ರಶ್ನೆ ಅವನಿಗೆ ಬಗೆಹರಿಯಲಿಲ್ಲ.

ಬಿಡಲು ಯತ್ನಿಸಲಿಲ್ಲವೆನ್ನುವಂತಿಲ್ಲ. 1803ರಲ್ಲಿ ಸ್ಕಾಟ್ಲೆಂಡಿನ ಪ್ರವಾಸದ ನಡುವೆ ವರ್ಡ್ಸ್‌ವರ್ತ್ ಸೋದರಸೋದರಿಯರಿಂದ ಬೇರೆಯಾಗಿ, ಎಂಟು ದಿನಗಳಲ್ಲಿ 263 ಮೈಲಿ ಕಾಲುನಡಿಗೆಯಲ್ಲಿ ಕ್ರಮಿಸಿದನು. ಮೈ ದಂಡಿಸಿದರೆ ರೋಗ ಕಾಲಿಗಿಳಿದು ಹೋದೀತೆಂಬ ಆಸೆ. ಹಗಲು ನಡೆದನು, ಇರುಳು ದುಃಸ್ವಪ್ನ ಕಂಡು ಕಿರುಚಿಕೊಂಡು ಎದ್ದನು. ‘ನಿದ್ರೆಯ ಯಾತನೆಗಳು’ ಎಂಬ ಕವನ ಆ ಇರುಳುಗಳ ಫಲ. 1804ರಲ್ಲಿ ಬಿಸಿಲಿನ ನಾಡಾದರೂ ಗುಣ ಕೊಟ್ಟೀತೆಂದು ಮಾಲ್ಟಾ ದ್ವೀಪಕ್ಕೆ ಹಡಗು ಹತ್ತಿದನು. ಅಫೀಮಿನಿಂದ ಬಂದ ಮಲಬದ್ಧತೆ ಹಡಗಿನಲ್ಲಿಯೇ ಅವನನ್ನು ಸಾವಿನ ಬಾಗಿಲಿಗೆ ಒಯ್ದಿತು. ಆದರೂ ಮಾಲ್ಟಾದಲ್ಲಿ ಸರ್ ಅಲೆಗ್ಸಾಂಡರ್ ಬಾಲನ ಕೈಕೆಳಗೆ ಸರ್ಕಾರದ ಹಂಗಾಮಿ ಕಾರ್ಯದರ್ಶಿಯಾಗಿ ದಕ್ಷತೆಯಿಂದ ದುಡಿದನು. 1806ರಲ್ಲಿ ಹಿಂದಿರುಗಿದಾಗ ಮೈ ಸ್ಥೂಲವಾಗಿತ್ತು, ಮುಖ ಬಾತಿತ್ತು. ಹಳೆಯ ಗೆಳೆಯರು ಬೆಚ್ಚಿದರು. ಬಿಸಿಲು ಗೆದ್ದಿರಲಿಲ್ಲ.

ಮುಂದಿನ ಹತ್ತು ವರ್ಷ ಒಂದೊಂದಾಗಿ ಎಲ್ಲವೂ ಕಳಚಿದ ಕಾಲ. ಹೆಂಡತಿಯೊಡನೆ ಸಂಸಾರ ಮುರಿಯಿತು. ಮೂವರು ಮಕ್ಕಳು ಷಡ್ಡಕ ಸದೇಯ ಆಶ್ರಯದಲ್ಲಿ ಬೆಳೆದರು. 1808ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಉಪನ್ಯಾಸಮಾಲೆಗೆ ಒಪ್ಪಿಕೊಂಡನು. ಕಾಯಿಲೆಯೆಂದು ಮತ್ತೆ ಮತ್ತೆ ತಪ್ಪಿಸಿಕೊಂಡನು. 1809ರಲ್ಲಿ ‘ದಿ ಫ್ರೆಂಡ್’ ಪತ್ರಿಕೆಯನ್ನು ಹೊರಡಿಸಿದನು. ಮರುವರ್ಷವೇ ಅದು ನಿಂತಿತು. 1810ರಲ್ಲಿ ಅವನ ಚಟದ ವಿಷಯವಾಗಿ ವರ್ಡ್ಸ್‌ವರ್ತ್ ಇನ್ನೊಬ್ಬನಿಗೆ ಹೇಳಿದ ಎಚ್ಚರಿಕೆಯ ಮಾತು ಅವನ ಕಿವಿಗೆ ಬಿದ್ದು, ಆ ಮಹಾಮೈತ್ರಿಗೆ ಬಿರುಕು ಬಿಟ್ಟಿತು. ಮುಂದೆ ರಾಜಿಯಾದರೂ ಬಿರುಕು ಕೂಡಲಿಲ್ಲ. 1812ರಲ್ಲಿ ವರ್ಷಾಶನದ ಅರ್ಧ ನಿಂತಿತು. ಆದರೆ ಇದೇ ಕಾಲದಲ್ಲಿಯೇ ಅವನು ಶೇಕ್ಸ್‌ಪಿಯರನ ಮೇಲೆ ಉಪನ್ಯಾಸ ಮಾಡಿ ಹ್ಯಾಮ್ಲೆಟ್ಟನ್ನು ನೋಡುವ ಹೊಸ ಕಣ್ಣನ್ನು ವಿಮರ್ಶೆಗೆ ಕೊಟ್ಟನೆಂಬುದನ್ನು ಮರೆಯಲಾಗದು. ಮಾಡಬೇಕೆಂದು ಸಂಕಲ್ಪಿಸಿಯೂ ಮಾಡಲಾರದ ರಾಜಕುಮಾರನನ್ನು ಅವನಷ್ಟು ಹತ್ತಿರದಿಂದ ಬಲ್ಲವರಾದರೂ ಯಾರು?

1814ರಲ್ಲಿ ಬ್ರಿಸ್ಟಲ್ ನಗರದಲ್ಲಿ ಅವನು ಪಾತಾಳವನ್ನು ಮುಟ್ಟಿದನು. ಅವನ ಮೊದಲ ಕವನಗಳನ್ನು ಅಚ್ಚುಮಾಡಿದ್ದ ಪುಸ್ತಕವ್ಯಾಪಾರಿ ಜೋಸೆಫ್ ಕೋಟ್ಲ್ ಅವನ ನಡುಗುವ ಕೈಯನ್ನು ಕಂಡು, ಕಾರಣ ತಿಳಿದು, ದೇವರ ಹೆಸರಿನಲ್ಲಿ ಕಠಿಣವಾಗಿ ಬುದ್ಧಿ ಹೇಳಿದನು. ವಾರಕ್ಕೆ ಎರಡು ಕ್ವಾರ್ಟ್, ಎಂದರೆ ಎರಡು ಲೀಟರಿಗೂ ಮೇಲ್ಪಟ್ಟು ಲಾಡನಂ ಹೋಗುತ್ತಿತ್ತೆಂದು ಕೋಟ್ಲ್ ಬರೆದಿದ್ದಾನೆ. ಕೋಲ್‌ರಿಜ್ ಉತ್ತರವಾಗಿ ಬರೆದ ಕಾಗದ ಒಂದು ತಪ್ಪೊಪ್ಪಿಗೆ. ಸುಖಕ್ಕಾಗಿ ತಾನಿದನ್ನು ಹಿಡಿಯಲಿಲ್ಲ, ನೋವಿಗೆ ಹೆದರಿ ಹಿಡಿದೆ; ಈಗ ಕೆಟ್ಟಿರುವುದು ತಿಳಿವಳಿಕೆಯಲ್ಲ, ಇಚ್ಛಾಶಕ್ತಿ ಎಂಬುದು ಅದರ ತಾತ್ಪರ್ಯ. ಹುಚ್ಚರ ಆಸ್ಪತ್ರೆಯಲ್ಲಿಯಾದರೂ ತನ್ನನ್ನು ಕೂಡಿಹಾಕಿರೆಂದು ಬೇಡಿದನು. ಔಷಧದಂಗಡಿಗೆ ತಾನು ಕಾಲಿಡದಂತೆ ಕಾಯಲು ಆಳೊಬ್ಬನನ್ನು ನೇಮಿಸಿಕೊಂಡು, ಆ ಆಳನ್ನೇ ಮೋಸಗೊಳಿಸಿ ಅಂಗಡಿಗೆ ಹೋಗುತ್ತಿದ್ದನೆಂದು ಕಥೆಗಳು ಹುಟ್ಟಿದುವು. ಕೋಟ್ಲ್ ಅವನಿಗಾಗಿ ಹಣ ಕೂಡಿಸಲೆಣಿಸಿದಾಗ ಸದೇ ಅಡ್ಡಬಂದನು. ಇದು ರೋಗವಲ್ಲ, ಭೋಗಲಾಲಸೆ ಎಂದು ಅವನ ತೀರ್ಪು. ದಿನವೂ ಹೊತ್ತಿಗೆ ಸರಿಯಾಗಿ ದುಡಿದು ಎರಡು ಸಂಸಾರಗಳ ಹೊರೆ ಹೊತ್ತಿದ್ದ ಸದೇಗೆ ಸಿಟ್ಟು ಬರಲು ಕಾರಣವಿತ್ತು. ಆದರೆ ಸಿಟ್ಟಿಗೆ ಕಾರಣವಿದ್ದ ಮಾತ್ರಕ್ಕೆ ತೀರ್ಪು ಸರಿಯಾಗುವುದಿಲ್ಲ.

1816ರ ಏಪ್ರಿಲಿನಲ್ಲಿ ಬಾಳು ಒಂದು ತಿರುವು ಕಂಡಿತು. ವೈದ್ಯನೊಬ್ಬನ ಶಿಫಾರಸಿನ ಮೇಲೆ, ಲಂಡನ್ನಿನ ಹೊರವಲಯದ ಹೈಗೇಟಿನಲ್ಲಿದ್ದ ಜೇಮ್ಸ್ ಗಿಲ್ಮನ್ ಎಂಬ ಯುವ ಶಸ್ತ್ರವೈದ್ಯನ ಮನೆಗೆ ಅವನು ಬಂದನು. ಬರುವ ಮೊದಲೇ ಕಾಗದ ಬರೆದು, ಮಿಕ್ಕ ವಿಷಯಗಳಲ್ಲಿ ತಾನು ಸತ್ಯವಂತನಾದರೂ ಈ ಒಂದು ವಿಷಯದಲ್ಲಿ ತನ್ನನ್ನು ನಂಬಬೇಡಿರೆಂದೂ, ಮೊದಲ ದಿನಗಳಲ್ಲಿ ಒಬ್ಬನೇ ಹೊರಗೆ ಹೋಗಬಿಡಬೇಡಿರೆಂದೂ ಎಚ್ಚರಿಸಿದ್ದನು. ಒಂದು ತಿಂಗಳಿಗೆಂದು ಬಂದವನು ಹದಿನೆಂಟು ವರ್ಷ ನಿಂತನು.

ಗಿಲ್ಮನ್ ಪವಾಡಪುರುಷನಲ್ಲ. ಅವನು ಮಾಡಿದುದು ಸರಳ: ಬುದ್ಧಿ ಹೇಳಲಿಲ್ಲ, ತಟ್ಟನೆ ನಿಲ್ಲಿಸಲೂ ಇಲ್ಲ, ಸೀಸೆಯನ್ನು ತನ್ನ ವಶದಲ್ಲಿಟ್ಟುಕೊಂಡು ದಿನದಿನದ ಅಳತೆಯನ್ನು ತಾನೇ ಕೊಟ್ಟನು. ಅವನ ಹೆಂಡತಿ ಆ್ಯನ್ ರೋಗಿಯನ್ನು ಮನೆಯವನಂತೆ ನೋಡಿಕೊಂಡಳು. ಆದರೂ ಊರಿನ ಔಷಧದಂಗಡಿಯ ಪಕ್ಕದ ಬಾಗಿಲಿನಿಂದ ಗುಟ್ಟಾಗಿ ಹೆಚ್ಚಿನ ಲಾಡನಂ ಬರುತ್ತಲೇ ಇದ್ದಿತು. ಪೂರ್ಣವಾಗಿ ಬಿಡುವುದು ಕಡೆಯವರೆಗೂ ಸಾಧ್ಯವಾಗಲಿಲ್ಲ. ಆದರೆ ಅಳತೆ ಹತೋಟಿಗೆ ಬಂದಿತು, ಕೆಲಸ ಹಿಂದಿರುಗಿತು. 1815ರಲ್ಲಿ ಗೆಳೆಯ ಜಾನ್ ಮಾರ್ಗನ್ನನಿಗೆ ಹೇಳಿ ಬರೆಸಿದ್ದ ‘ಬಯಾಗ್ರಫಿಯಾ ಲಿಟರೇರಿಯಾ’ 1817ರಲ್ಲಿ ಪ್ರಕಟವಾಯಿತು. ಕಲ್ಪನಾಶಕ್ತಿಯನ್ನು ಕುರಿತು ಚರ್ಚಿಸುವ ಯಾರೂ ಇಂದಿಗೂ ಆ ಗ್ರಂಥವನ್ನು ಬಿಟ್ಟು ಮುಂದೆ ಹೋಗಲಾರರು. ‘ಕುಬ್ಲಾ ಖಾನ್’, ‘ಕ್ರಿಸ್ಟಬೆಲ್’ 1816ರಲ್ಲಿ, ‘ಏಡ್ಸ್ ಟು ರಿಫ್ಲೆಕ್ಷನ್’ 1825ರಲ್ಲಿ ಹೊರಬಂದುವು. ಗುರುವಾರದ ಸಂಜೆಗಳಲ್ಲಿ ಅವನ ಮಾತು ಕೇಳಲು ತರುಣರು ಬೆಟ್ಟವೇರಿ ಬರುತ್ತಿದ್ದರು. ಕಾರ್ಲೈಲ್ ಬಂದನು, 1833ರಲ್ಲಿ ಅಮೆರಿಕದಿಂದ ಎಮರ್ಸನ್ ಬಂದನು.

1834ರ ಜುಲೈ 25ರಂದು ಕೋಲ್‌ರಿಜ್ ಆ ಮನೆಯಲ್ಲಿಯೇ ಕಣ್ಮುಚ್ಚಿದನು. ತನ್ನ ನೋವಿನ ನಿಜವನ್ನು ಲೋಕ ಅರಿಯಲೆಂದೋ ಏನೋ, ಸತ್ತ ಮೇಲೆ ದೇಹವನ್ನು ಕೊಯ್ದು ನೋಡಬೇಕೆಂದು ಕೇಳಿಕೊಂಡಿದ್ದನು. ನೋಡಿದಾಗ ಹೃದಯ ವಿಪರೀತವಾಗಿ ಹಿಗ್ಗಿತ್ತು; ಎದೆಗೂಡಿನಲ್ಲಿ ನೀರು ತುಂಬಿತ್ತು. ಸೋಮಾರಿಯ ನೆಪವೆಂದು ಹಲವರು ಹಳಿದ ಕಾಯಿಲೆ ನೆಪವಾಗಿರಲಿಲ್ಲ.

ತನ್ನ ಕಥೆ ಇತರರಿಗೆ ಎಚ್ಚರಿಕೆಯಾಗಲೆಂದು, ಸತ್ತ ಮೇಲೆ ಅದನ್ನು ಮುಚ್ಚುಮರೆಯಿಲ್ಲದೆ ಪ್ರಕಟಿಸಬೇಕೆಂದು ಅವನು 1814ರಲ್ಲಿಯೇ ಬ್ರಿಸ್ಟಲ್ಲಿನ ಮಿತ್ರ ಜೊಸಾಯ ವೇಡನಿಗೆ ಬರೆದಿದ್ದನು. 1837ರಲ್ಲಿ ಕೋಟ್ಲ್ ಆ ಕಾಗದಗಳನ್ನು ಅಚ್ಚುಹಾಕಿಸಿದಾಗ ಬಂಧುಮಿತ್ರರು ಮಾನ ಹೋಯಿತೆಂದು ಕೆರಳಿದರು. ಮಾನದ ಮಾತು ಏನೇ ಇರಲಿ, ಅವನ ಎಚ್ಚರಿಕೆ ಎರಡು ಕಡೆಗೂ ಸಲ್ಲುತ್ತದೆ. ನೋವಿಗೆ ಮದ್ದು ತೆಗೆದುಕೊಳ್ಳುವವನು ಅದರ ಅಳತೆಯನ್ನು ಕಾಯುವ ಇನ್ನೊಬ್ಬರನ್ನು ಬಳಿಯಲ್ಲಿಟ್ಟುಕೊಳ್ಳಬೇಕು. ಅವನನ್ನು ನೋಡುವವರಾದರೋ, ಮದ್ದಿಗೆ ದೇಹ ಒಗ್ಗಿದುದನ್ನೇ ಶೀಲದ ಕೇಡೆಂದು ಎಣಿಸಬಾರದು. ಸದೇಯ ಕಟುನ್ಯಾಯ, ಕೋಟ್ಲನ ಧರ್ಮೋಪದೇಶ, ವರ್ಡ್ಸ್‌ವರ್ತನ ಎಚ್ಚರಿಕೆ ಇವಾವುವೂ ಕೋಲ್‌ರಿಜ್‌ನಿಂದ ಒಂದು ಹನಿಯನ್ನೂ ಕಡಮೆ ಮಾಡಿಸಲಿಲ್ಲ. ಅಷ್ಟಿಷ್ಟಾದರೂ ಮಾಡಿಸಿದುದು ಹೈಗೇಟಿನ ಮನೆಯ ಒಂದು ಕೊಠಡಿ, ಹೊತ್ತಿಗೆ ಸರಿಯಾದ ಊಟ, ಅಳತೆ ತಪ್ಪದ ಒಂದು ಲೋಟ, ಮತ್ತು ಮೋಸ ಹೋದದ್ದು ತಿಳಿದ ಮೇಲೂ ಬಾಗಿಲು ಮುಚ್ಚದ ಇಬ್ಬರು ಗಂಡಹೆಂಡಿರು.