ನ್ಯೂಟನ್ನನು ಓದಿದ ಬಗೆ

ಕಥೆ ಕಾದಂಬರಿಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಉಸಿರಿನಲ್ಲಿ ಓದಿ ಮುಗಿಸಬಹುದು. ಗಣಿತ, ಭೌತಶಾಸ್ತ್ರಗಳ ಗ್ರಂಥಗಳು ಈ ಬಗೆಯ ಓದಿಗೆ ಒಗ್ಗುವುದಿಲ್ಲ. ಕಾಲೇಜಿನಲ್ಲಿ ನಾನು ಪಾಠ ಹೇಳುವುದು ಕನ್ನಡವಾದರೂ, ವಿಜ್ಞಾನದ ತರಗತಿಯ ಹುಡುಗರು ತಮ್ಮ ಪಠ್ಯಪುಸ್ತಕದ ಮೂರನೆಯ ಪುಟದಲ್ಲಿಯೇ ತಡೆದು ನಿಂತು, ತಮಗೆ ಬುದ್ಧಿಯೇ ಸಾಲದೆಂದು ಕೊರಗುವುದನ್ನು ವರ್ಷವರ್ಷವೂ ಕಾಣುತ್ತಿದ್ದೇನೆ. ಅಂಥವರಿಗೆ ಐಸಾಕ್ ನ್ಯೂಟನ್ನನ ಕಥೆಯನ್ನು ಹೇಳುವುದು ನನ್ನ ರೂಢಿ. ಅದು ಎಲ್ಲರೂ ಬಲ್ಲ ಸೇಬಿನ ಹಣ್ಣಿನ ಕಥೆಯಲ್ಲ. ಅವನು ಪುಸ್ತಕಗಳನ್ನು ಓದಿದ ಕಥೆ.

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತದ ವೂಲ್ಸ್‌ಥಾರ್ಪ್ ಎಂಬ ಹಳ್ಳಿಯಲ್ಲಿ, ಆ ದೇಶದ ಅಂದಿನ ಪಂಚಾಂಗದಂತೆ 1642ರ ಡಿಸೆಂಬರ್ 25ರಂದು ನ್ಯೂಟನ್ನನು ಜನಿಸಿದನು. ಮಗು ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದನು. ಮೂರು ವರ್ಷದವನಾಗಿದ್ದಾಗ ತಾಯಿ ಮರುಮದುವೆಯಾಗಿ ಬೇರೆಡೆಗೆ ಹೋದಳು. ಬಾಲಕನು ಅಜ್ಜಿಯ ಆಸರೆಯಲ್ಲಿ ಬೆಳೆದನು. ಮುಂದೆ ಹೊಲಮನೆ ನೋಡಿಕೊಳ್ಳಲೆಂದು ತಾಯಿಯು ಅವನನ್ನು ಶಾಲೆ ಬಿಡಿಸಿದ್ದೂ ಉಂಟು. ಆದರೆ ಕುರಿಗಳು ಪರರ ಹೊಲ ಹೊಕ್ಕರೂ ಪುಸ್ತಕದಿಂದ ತಲೆಯೆತ್ತದ ಹುಡುಗನಿಂದ ಬೇಸಾಯ ಸಾಗಲಿಲ್ಲ. 1661ರಲ್ಲಿ ಅವನು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದನು. ಅದೂ ಇತರರಿಗೆ ಊಳಿಗ ಮಾಡಿ ಓದುವ ಬಡ ವಿದ್ಯಾರ್ಥಿಯ ದರ್ಜೆಯಲ್ಲಿ.

ಅಂದಿನ ಪಾಠಕ್ರಮವೆಲ್ಲ ಅರಿಸ್ಟಾಟಲನನ್ನೇ ಅವಲಂಬಿಸಿತ್ತು. ಹೊಸ ಗಣಿತವನ್ನು ಕಲಿಯಬೇಕೆನ್ನುವವನು ತಾನೇ ಓದಿ ಕಲಿಯಬೇಕಾಗಿತ್ತು. ನ್ಯೂಟನ್ನನ ಓದು ಆರಂಭವಾದದ್ದು ಒಂದು ಜಾತ್ರೆಯಲ್ಲಿ. 1663ರಲ್ಲಿ ಸ್ಟರ್‌ಬ್ರಿಜ್ ಜಾತ್ರೆಯಲ್ಲಿ ಅವನು ಜ್ಯೋತಿಷದ ಪುಸ್ತಕವೊಂದನ್ನು ಕೊಂಡನೆಂದೂ, ಅದರೊಳಗಿನ ಆಕಾಶದ ಚಿತ್ರವು ತಿಳಿಯದೆ ತ್ರಿಕೋಣಮಿತಿಯ ಪುಸ್ತಕಕ್ಕೆ ಹೋದನೆಂದೂ, ಅದು ತಿಳಿಯದೆ ಯೂಕ್ಲಿಡನ ರೇಖಾಗಣಿತಕ್ಕೆ ಬಂದನೆಂದೂ ಅವನ ಆಪ್ತರು ಬರೆದಿಟ್ಟಿದ್ದಾರೆ. ಒಂದು ಪುಸ್ತಕ ತಿಳಿಯದಿದ್ದರೆ ಅದಕ್ಕೆ ಹಿಂದಿನ ಮೆಟ್ಟಿಲು ಯಾವುದೆಂದು ಹುಡುಕಿಕೊಂಡು ಇಳಿಯುವ ಈ ಕ್ರಮ ಸರಿಯಾದುದೇ. ಆದರೆ ಕೊನೆಯ ಮೆಟ್ಟಿಲಿನಲ್ಲಿ ಅವನು ಎಡವಿದನು. ಯೂಕ್ಲಿಡನ ಪ್ರಮೇಯಗಳ ಹೇಳಿಕೆಗಳ ಮೇಲೆ ಕಣ್ಣಾಡಿಸಿ, ಇಷ್ಟು ಸ್ಪಷ್ಟವಾದ ಸಂಗತಿಗಳಿಗೆ ಉಪಪತ್ತಿಗಳೇಕೆ ಎಂದು ಅಚ್ಚರಿಪಟ್ಟನು. ಮುಂದಿನ ಕೆಲವು ಪ್ರಮೇಯಗಳು ಅವನ ಭಾವನೆಯನ್ನು ಕೊಂಚ ತಿದ್ದಿದವಾದರೂ, ಗ್ರಂಥವನ್ನು ಆಳವಾಗಿ ಓದದೆಯೇ ಕೆಳಗಿಟ್ಟನು.

ಬಳಿಕ ಅವನು ಕೈಗೆತ್ತಿಕೊಂಡದ್ದು ಡೇಕಾರ್ಟನ ರೇಖಾಗಣಿತ. 1637ರಲ್ಲಿ ಪ್ರಕಟವಾದ ಆ ಗ್ರಂಥವು ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದು ಹೊಸ ದಾರಿ ತೆರೆದಿತ್ತು. ಆದರೆ ನಡುವಣ ಎಷ್ಟೋ ಹಂತಗಳನ್ನು ಗ್ರಂಥಕರ್ತನು ಬೇಕೆಂದೇ ಓದುಗನ ಪಾಲಿಗೆ ಬಿಟ್ಟಿದ್ದನು. ನ್ಯೂಟನ್ನನು ಕೆಲವು ಪುಟ ಓದಿದನು, ಅರ್ಥವಾಗದೆ ನಿಂತನು. ಪುಸ್ತಕವನ್ನು ಎಸೆಯಲಿಲ್ಲ, ಅರ್ಥವಾಗದ್ದನ್ನು ಹಾರಿಸಿ ಮುಂದಕ್ಕೂ ಹೋಗಲಿಲ್ಲ. ಮತ್ತೆ ಮೊದಲ ಪುಟಕ್ಕೆ ಬಂದನು. ಈ ಸಲ ಇನ್ನಷ್ಟು ದೂರ ಸಾಗಿ ಮತ್ತೆ ನಿಂತನು. ಮತ್ತೆ ಮೊದಲಿಗೆ ಬಂದನು. ಯಾವ ಗುರುವಿನ ನೆರವೂ ಇಲ್ಲದೆ, ಹೀಗೆಯೇ ಹಿಂದೆಮುಂದೆ ನಡೆದು ಇಡೀ ಗ್ರಂಥವನ್ನು ವಶಪಡಿಸಿಕೊಂಡನು.

ಇಷ್ಟರಲ್ಲಿ ವಿದ್ಯಾರ್ಥಿವೇತನದ ಪ್ರಶ್ನೆ ಬಂದಿತು. ಅದು ದೊರೆಯದೆ ಹೋದರೆ ಕೇಂಬ್ರಿಜ್ಜಿನಲ್ಲಿ ಮುಂದೆ ನೆಲೆಯಿರಲಿಲ್ಲ. ಪರೀಕ್ಷೆ ಮಾಡಿದವನು ಐಸಾಕ್ ಬ್ಯಾರೋ ಎಂಬ ಶ್ರೇಷ್ಠ ಗಣಿತಜ್ಞ. ಅವನು ಕೇಳಿದ್ದು ಯೂಕ್ಲಿಡನನ್ನು! ನ್ಯೂಟನ್ನನ ಉತ್ತರಗಳು ಸಮರ್ಪಕವಾಗಿರಲಿಲ್ಲ. ಯೂಕ್ಲಿಡನನ್ನೇ ಅರಿಯದವನು ಡೇಕಾರ್ಟನನ್ನು ಓದಿರಬಹುದೆಂದು ಬ್ಯಾರೋ ಊಹಿಸಲಿಲ್ಲ. ಸಂಕೋಚದ ಹುಡುಗನು ತಾನಾಗಿ ಹೇಳಲೂ ಇಲ್ಲ. ಹೇಗೋ 1664ರ ಏಪ್ರಿಲಿನಲ್ಲಿ ವೇತನ ದೊರೆತು ಅವನ ಓದು ಉಳಿಯಿತು. ಆದರೆ ಪಾಠ ಮನಸ್ಸಿನಲ್ಲಿ ನಿಂತಿತು. ಅವನು ಯೂಕ್ಲಿಡನ ಬಳಿಗೆ ಹಿಂದಿರುಗಿ ಶ್ರದ್ಧೆಯಿಂದ ಓದಿದನು. ಯೂಕ್ಲಿಡನಿಗೆ ಸಲ್ಲಬೇಕಾದ ಗಮನವನ್ನು ಕೊಡುವ ಮೊದಲೇ ಬೀಜಗಣಿತದ ಗ್ರಂಥಗಳಿಗೆ ಹೋದುದಕ್ಕಾಗಿ ಅವನು ಮುಪ್ಪಿನಲ್ಲಿಯೂ ಪಶ್ಚಾತ್ತಾಪಪಡುತ್ತಿದ್ದನೆಂದು, ಅವನ ಮಹಾಗ್ರಂಥದ ಮೂರನೆಯ ಆವೃತ್ತಿಯನ್ನು ಸಿದ್ಧಗೊಳಿಸಿದ ಪೆಂಬರ್ಟನ್ ತಿಳಿಸಿದ್ದಾನೆ.

ಲೇಖನಿಯಿಲ್ಲದೆ ನ್ಯೂಟನ್ನನು ಓದಿದ್ದೇ ಅಪೂರ್ವ. ಮಲತಂದೆಯಿಂದ ಬಂದಿದ್ದ, ಬಹುಪಾಲು ಖಾಲಿಯಾಗಿದ್ದ ದಪ್ಪ ಪುಸ್ತಕವೊಂದರಲ್ಲಿ ಗಣಿತದ ಲೆಕ್ಕಗಳನ್ನು ತುಂಬಿದನು. ಇನ್ನೊಂದರಲ್ಲಿ ಕಾಲ, ಚಲನೆ, ಬೆಳಕು, ಬಣ್ಣ ಮುಂತಾದ ಸುಮಾರು 45 ಶೀರ್ಷಿಕೆಗಳನ್ನು ಮೊದಲೇ ಬರೆದಿಟ್ಟುಕೊಂಡು, ಓದಿದಂತೆಲ್ಲ ತನ್ನ ಸಂದೇಹಗಳನ್ನು ಅವುಗಳ ಕೆಳಗೆ ಸೇರಿಸಿದನು. ಅವನ ಪುಸ್ತಕಗಳಲ್ಲಿ ಪುಟದ ಮೂಲೆಗಳು ಮಡಿಸಿರುವುದನ್ನು ಇಂದಿಗೂ ಕಾಣಬಹುದು. ಮಡಿಕೆಯ ತುದಿ ಅವನಿಗೆ ಬೇಕಾದ ಪದವನ್ನೇ ಮುಟ್ಟುವಂತಿದೆ.

1664-65ರ ಚಳಿಗಾಲದಲ್ಲಿ ಅವನು ವಾಲಿಸನ ಗ್ರಂಥವನ್ನು ಎರವಲು ತಂದು ಓದಿದನು. ವಾಲಿಸನು ವಕ್ರರೇಖೆಗಳ ಕೆಳಗಿನ ಕ್ಷೇತ್ರಫಲವನ್ನು ನಿಶ್ಚಿತವಾದ ಎರಡು ಎಲ್ಲೆಗಳ ನಡುವೆ ಎಣಿಸಿದ್ದನು. ನ್ಯೂಟನ್ನನು ಆ ಲೆಕ್ಕಗಳನ್ನು ತನ್ನ ಕೈಯಾರೆ ಮಾಡುತ್ತ, ಒಂದು ಎಲ್ಲೆಯನ್ನು ಬದಲಾಗಲು ಬಿಟ್ಟರೆ ಏನಾದೀತೆಂದು ನೋಡಿದನು. ಆಗ ಸಂಖ್ಯೆಗಳ ಸಾಲಿನಲ್ಲಿ ಹೊಸದೊಂದು ಕ್ರಮ ಮೂಡಿತು; ದ್ವಿಪದ ಪ್ರಮೇಯದ ವ್ಯಾಪಕ ರೂಪ ಅವನಿಗೆ ದೊರೆತದ್ದು ಹೀಗೆ. 1665ರ ಬೇಸಗೆಯಲ್ಲಿ ಪ್ಲೇಗು ಹಬ್ಬಿ ವಿಶ್ವವಿದ್ಯಾನಿಲಯ ಮುಚ್ಚಿದಾಗ ಊರಿಗೆ ಮರಳಿದ ಈ ತರುಣನು, ಮುಂದಿನ ವರ್ಷ ಮುಗಿಯುವುದರೊಳಗೆ ಕಲನಗಣಿತದ ತಳಹದಿಯನ್ನು ಹಾಕಿದ್ದನು. 1669ರಲ್ಲಿ ಬ್ಯಾರೋನ ಪ್ರಾಧ್ಯಾಪಕ ಪೀಠವೇ ಅವನಿಗೆ ಬಂದಿತು.

ಚಲನೆಯ ನಿಯಮಗಳನ್ನೂ ಗುರುತ್ವಾಕರ್ಷಣೆಯನ್ನೂ ವಿವರಿಸುವ ಅವನ ‘ಪ್ರಿನ್ಸಿಪಿಯಾ’ 1687ರಲ್ಲಿ ಪ್ರಕಟವಾಯಿತು. ಈಗ ತಡೆದು ನಿಲ್ಲುವ ಸರದಿ ಇತರರದಾಯಿತು. 1691ರಲ್ಲಿ ಬೆಂಟ್ಲಿ ಎಂಬ ವಿದ್ವಾಂಸನು ಗ್ರಂಥವನ್ನು ಓದುವ ಬಗೆಯನ್ನು ಕೇಳಲು, ನ್ಯೂಟನ್ನನು ಪೂರ್ವಸಿದ್ಧತೆಯ ಪಟ್ಟಿಯೊಂದನ್ನು ಕೊಟ್ಟನು. ಅದರ ಮೊದಲಲ್ಲೇ ಇದ್ದವನು ಯೂಕ್ಲಿಡ್! ಮೊದಲ ಓದಿನಲ್ಲಿ ಪ್ರಮೇಯಗಳನ್ನೂ ಸುಲಭವಾದ ಕೆಲವು ಉಪಪತ್ತಿಗಳನ್ನೂ ತಿಳಿದರೆ ಸಾಕೆಂದೂ, ಸುಲಭವಾದದ್ದು ಕಠಿನವಾದದ್ದಕ್ಕೆ ಬೆಳಕಾಗುವುದೆಂದೂ ತಿಳಿಸಿದನು. ಮೊದಲ ಅರವತ್ತು ಪುಟಗಳಾದ ಮೇಲೆ ನೇರವಾಗಿ ಮೂರನೆಯ ಭಾಗಕ್ಕೆ ಹೋಗಿ, ಗ್ರಂಥದ ಉದ್ದೇಶವನ್ನು ಕಂಡುಕೊಂಡು, ಬಳಿಕ ಬೇಕಾದ ಪ್ರಮೇಯಗಳಿಗೆ ಹಿಂದಿರುಗಬೇಕೆಂಬುದು ಅವನ ಸಲಹೆ.

ತಾರುಣ್ಯದಲ್ಲಿ ಒಂದು ಪುಟವನ್ನೂ ಹಾರಿಸದೆ ಮೊದಲಿಗೆ ಮರಳುತ್ತಿದ್ದವನು ಈಗ ಹಾರಿಸಿ ಹೋಗೆಂದನೇ ಎಂದು ವಾಚಕರು ಕೇಳಬಹುದು. ವಿರೋಧವೇನೂ ಇಲ್ಲ. ಗಣಿತವನ್ನೇ ಕಟ್ಟಬೇಕಾದವನಿಗೆ ಪ್ರತಿ ಹಂತವೂ ಬೇಕು. ಗ್ರಂಥದ ಒಟ್ಟು ನೋಟವನ್ನು ಬಯಸುವವನಿಗೆ ಮೊದಲು ದಾರಿ ಕಾಣಬೇಕು. ಎರಡರಲ್ಲಿಯೂ ಹಿಂದಿರುಗುವ ಕೆಲಸ ಮಾತ್ರ ತಪ್ಪುವುದಿಲ್ಲ. ಒಂದೇ ಓದಿಗೆ ಇಂಥ ಗ್ರಂಥ ಒಲಿಯುವುದೆಂದು ಅವನು ಯಾರಿಗೂ ಹೇಳಲಿಲ್ಲ.

1727ರ ಮಾರ್ಚಿನಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡ ನ್ಯೂಟನ್ನನನ್ನು ರಾಜಮರ್ಯಾದೆಯೊಡನೆ ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿ ಮಾಡಿದರು. ಅವನ ಪ್ರತಿಭೆ ನಮ್ಮ ಹುಡುಗರಿಗೆಲ್ಲ ಬರಲಾರದು. ಆದರೆ ಲೇಖನಿ ಹಿಡಿದು ಓದುವುದು, ಬುನಾದಿಯನ್ನು ಹಗುರವಾಗಿ ಕಾಣದಿರುವುದು, ತಡೆದಲ್ಲಿ ನಾಚದೆ ಮೊದಲ ಪುಟಕ್ಕೆ ಮರಳುವುದು, ಇವು ಯಾರಿಗೂ ಅಸಾಧ್ಯವಲ್ಲ. ಮೂರನೆಯ ಪುಟದಲ್ಲಿ ನಿಂತ ಹುಡುಗನು, ನ್ಯೂಟನ್ನನೂ ಒಮ್ಮೆ ಹೀಗೆಯೇ ನಿಂತಿದ್ದನೆಂಬುದನ್ನು ನೆನೆದು ಪುಸ್ತಕವನ್ನು ಮತ್ತೆ ಮೊದಲಿನಿಂದ ತೆರೆಯಲಿ.